ಹಾಲೊವೇ ಬಂದ ವರ್ಷ

ಜೂನ್ 30, ಸೋಮವಾರ. ಬೆಳಿಗ್ಗೆ

ಕಾಫಿ. ಮೊಣಕಾಲಿಗೆ ಐಸ್. ಕಳೆದ ಸೀಸನ್ನಿನ ಬ್ಯಾಸ್ಕೆಟ್‌ಬಾಲ್ ಟೇಪು, ಮತ್ತೆ. ರೀಟಾ ಅಡುಗೆಮನೆಯಿಂದಲೇ ಕೂಗಿದಳು: "ಸೋತ ಮ್ಯಾಚನ್ನೇ ಎಷ್ಟು ಸಲ ನೋಡ್ತೀಯ ಲೆನ್? ಈ ಸಲ ನೋಡಿದ್ರೆ ಗೆದ್ದುಬಿಡ್ತಾರಾ?" ಹೆಂಡತಿಗೆ ಉತ್ತರ ಕೊಡುವ ಶಕ್ತಿ ಕಾಫಿಗೆ ಮುಂಚೆ ಇರುವುದಿಲ್ಲ.

ಸಂಜೆ ಆರಕ್ಕೆ ಬಾಗಿಲು ತೆರೆಯುತ್ತದೆ. ಕರಾರು ಮುಗಿದ ಆಟಗಾರರನ್ನು ಯಾವ ತಂಡ ಬೇಕಾದರೂ ಮಾತಾಡಿಸಬಹುದು. ತಂಡ ಕಟ್ಟುವವನು ಪ್ರೆಸ್ಕಾಟ್, ಆಡಿಸುವವನು ನಾನು. ಅವನಿಗೆ ನನ್ನ ಅರ್ಧ ವಯಸ್ಸು. ನಿನ್ನೆ ಕೇಳಿದ್ದ — ಏನು ಬೇಕು ಕೋಚ್? ಹೇಳಿದೆ. ಅಂಕ ಗಳಿಸುವವರು ಇದ್ದಾರೆ. ಬುಟ್ಟಿಯ ಕೆಳಗೆ ನಿಂತು ಬಾಲ್ ಹಿಡಿಯುವವನು ಬೇಕು. ನಮ್ಮ ಹಳಬ ಅಲ್ಫೋನ್ಸ್ ಪಕ್ಕ ಇನ್ನೊಬ್ಬ. ಅವನ ಹಾಗೆ ಬಾಯಿ ಇರುವವನು.

"ಮಾತಾಡೋದಕ್ಕೆ ಯಾರೂ ದುಡ್ಡು ಕೊಡಲ್ಲ ಕೋಚ್" ಅಂತ ನಕ್ಕ.

ಜುಲೈ 1, ಮಂಗಳವಾರ

ಹಾಲೊವೇ ಬರುತ್ತಾನೆ. ಟ್ರೆವಿಯನ್ ಹಾಲೊವೇ! ನಾಲ್ಕು ವರ್ಷದ ಕರಾರು, ಸಂಬಳದ ಸೊನ್ನೆ ಎಣಿಸುವುದು ನನ್ನ ಕೆಲಸವಲ್ಲ. ನಮ್ಮ ಬಫಲೋ ಊರಿಗೆ ಊರೇ ಹುಚ್ಚೆದ್ದಿದೆ. ಎದುರು ಮನೆಯ ಮುದುಕ ಹುಲ್ಲು ಕತ್ತರಿಸುವ ಯಂತ್ರವನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದು ನನ್ನ ಕೈ ಕುಲುಕಿದ, ನಾನೇ ದುಡ್ಡು ಕೊಟ್ಟವನ ಹಾಗೆ. ಕಳೆದ ವರ್ಷ ಇಡೀ ಲೀಗಿನಲ್ಲಿ ಮೂರನೆಯ ಅತಿ ಹೆಚ್ಚು ಅಂಕ ಹಾಲೊವೇಯದು. ನಾವು ಸೋತದ್ದು ಅಂಕ ಸಾಲದೆ ಅಲ್ಲ, ಎದುರಾಳಿಗೆ ಧಾರಾಳವಾಗಿ ಕೊಟ್ಟು. ಇರಲಿ... ಒಳ್ಳೆಯ ಆಟಗಾರ ಬಂದರೆ ಬೇಡ ಎನ್ನುವ ಕೋಚ್ ಇನ್ನೂ ಹುಟ್ಟಿಲ್ಲ.

ಆಮೇಲೆ ಪ್ರೆಸ್ಕಾಟ್ ನಿಧಾನಕ್ಕೆ ವಿಷಯಕ್ಕೆ ಬಂದ. ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ. ಹಾಲೊವೇಗೆ ಜಾಗ ಆಗಬೇಕಾದರೆ ಕರಾರು ಮುಗಿದ ಅಲ್ಫೋನ್ಸ್ ಮೇಲಿನ ಹಕ್ಕು ಬಿಟ್ಟುಕೊಡಬೇಕು. ಹಾಲೊವೇ ಸಹಿ ಹಾಕಿದ ಮೇಲೆ ಅಲ್ಫೋನ್ಸನನ್ನು ಕನಿಷ್ಠ ಸಂಬಳಕ್ಕೆ ಮತ್ತೆ ಕರೆದುಕೊಳ್ಳುವುದು. ಕಾಗದದಲ್ಲಿ ಬರೆಯುವ ಹಾಗಿಲ್ಲ, ಬಾಯಿಮಾತು. ಎಲ್ಲ ತಂಡದವರೂ ಮಾಡುತ್ತಾರೆ.

"ನೀವೇ ಹೇಳಿ ಕೋಚ್. ನಿಮ್ಮ ಮಾತಂದ್ರೆ ಅವನಿಗೆ ನಂಬಿಕೆ."

ಜುಲೈ 2

ಅಲ್ಫೋನ್ಸ್ ಬ್ಯಾಟಿಸ್ಟ್ ಮನೆಗೆ ಹೋಗಿ ಬಂದೆ. ನಮ್ಮ ಬೀದಿಯಿಂದ ಎರಡು ಬೀದಿ ಆಚೆ. ಹಿತ್ತಲಲ್ಲಿ ಕೆಂಡದ ಮೇಲೆ ಸಾಸೇಜ್ ಸುಡುತ್ತಿದ್ದ. ಲೂಯಿಸಿಯಾನದವನು, ಮೂವತ್ತಾರು ವಯಸ್ಸು, ಈಗ ಎಗರಿದರೆ ಕಾಲಡಿ ಒಂದು ದಿನಪತ್ರಿಕೆ ತೂರಿಸಬಹುದು, ಅಷ್ಟೇ. ಆದರೆ ಆ ಬಾಯಿ!

ನಮ್ಮ ಹುಡುಗ ಎದುರಾಳಿಯ ಬೆನ್ನು ಹತ್ತಿ ಓಡುತ್ತಿರುತ್ತಾನೆ. ಅವನ ದಾರಿಗೆ ಎದುರು ತಂಡದ ಇನ್ನೊಬ್ಬ ಧಡಿಯ ಗೋಡೆಯ ಹಾಗೆ ಬಂದು ನಿಲ್ಲುತ್ತಾನೆ — ಸ್ಕ್ರೀನ್. ಮುಂದೆ ನೋಡುವ ಹುಡುಗನಿಗೆ ಅದು ಕಾಣುವುದಿಲ್ಲ. ಹಿಂದೆ ಇರುವವನು ಕೂಗಿ ಹೇಳಬೇಕು. ನಾಲ್ಕು ವರ್ಷ ಇವನು ಕೂಗಿದ್ದಾನೆ. ಎಡಗಡೆ, ಬಲಗಡೆ, ಮೇಲಿಂದ ಹೋಗು, ಬಿಡು ನಾನು ನೋಡ್ಕೋತೀನಿ. ಮೇಲಿಂದ ಅಂದರೆ ಆ ಗೋಡೆಯ ಮುಂದಿನಿಂದ ನುಸುಳುವುದು. ಪ್ರಾಕ್ಟೀಸಿನಲ್ಲೂ ಬಾಯಿ ಮುಚ್ಚಿದವನಲ್ಲ. ನಮ್ಮ ಸೋಲಿಸ್, ಎದುರಾಳಿಗಳಲ್ಲಿ ಬಾಲ್ ಆಡಿಸುವವನನ್ನು ತಡೆಯುವ ಹುಡುಗ, ಆ ದನಿಯನ್ನು ನಂಬಿ ಕಣ್ಣು ಮುಚ್ಚಿ ಓಡುವುದನ್ನೇ ಕಲಿತಿದ್ದಾನೆ.

ವಿಷಯ ಹೇಳಿದೆ. ಅವನಿಗೆ ಪಶ್ಚಿಮದ ತಂಡವೊಂದು ಎರಡು ವರ್ಷಕ್ಕೆ ಕರೆದಿದೆಯಂತೆ. ಇವತ್ತೇ ಉತ್ತರ ಕೊಡಬೇಕಂತೆ.

"ಇದು ಪ್ರೆಸ್ಕಾಟ್ ಮಾತಾ, ನಿಮ್ಮ ಮಾತಾ?"

"ನನ್ನದು."

"ಹಾಗಾದ್ರೆ ಆಯ್ತು ಬಿಡಿ. ಮಕ್ಕಳಿಗೂ ಸ್ಕೂಲು ಬದಲಾಯ್ಸೋದು ಬೇಡ. ಸಾಸೇಜ್ ತಗೊಳ್ಳಿ, ಖಾರ ಇದೆ, ನಿಮ್ಮಂಥ ಪೋಲಿಷ್ ಹೊಟ್ಟೆಗೆ ಆಗಲ್ಲ."

ತಿಂದೆ. ಆಗಲಿಲ್ಲ.

ಜುಲೈ 9

ಹಾಲೊವೇ ಸಹಿ ಹಾಕಿದ. ಪಟಾಕಿ, ಬ್ಯಾಂಡು, ಮೇಯರು. ತಂಡದಲ್ಲಿ ಅಲ್ಫೋನ್ಸನಿಗೆಂದು ಉಳಿದಿದ್ದದ್ದು ಒಂದೇ ಜಾಗ. ಅದು ಪಿಂಕ್ನಿಗೆ ಹೋಯಿತು. ಪಿಂಕ್ನಿ ಯಾರು? ಹಾಲೊವೇ ಜೊತೆ ಶಾಲೆಯಲ್ಲಿ ಆಡಿದವನು. ದೊಡ್ಡ ಆಟಗಾರ ಬಂದರೆ ಅವನ ಗೆಳೆಯನಿಗೂ ಬೆಂಚಿನಲ್ಲಿ ಒಂದು ಕುರ್ಚಿ — ಅಳಿಯನ ಜೊತೆ ಬಂದ ನೆಂಟನಿಗೂ ಎಲೆ ಹಾಕುವ ಹಾಗೆ.

"ಹಾಲೊವೇ ಕೇಳಿದ್ನಾ?" ಅಂದೆ.

"ಕೇಳಬೇಕಾ ಕೋಚ್? ಕೇಳೋ ಮೊದಲೇ ಮಾಡಿದ್ರೆ ಚಂದ" ಅಂದ ಪ್ರೆಸ್ಕಾಟ್.

ಕೂಗಾಡಿದೆ. ಮಾಲೀಕ ಗ್ರೂವರ್ ತನಕ ಹೋದೆ. ಆತ ನನ್ನ ಭುಜ ತಟ್ಟಿ ಗಾಲ್ಫ್ ವಿಷಯ ಮಾತಾಡಿದ. ಸಂಜೆಯೇ ಅಲ್ಫೋನ್ಸ್ ಮನೆ ಮೆಟ್ಟಿಲ ಮೇಲೆ ನಿಂತು ಹೇಳಿದೆ. ಪಶ್ಚಿಮದವರ ಜಾಗ ಆಗಲೇ ತುಂಬಿತ್ತು. ಅವನು ನನ್ನನ್ನೇ ಸಮಾಧಾನ ಮಾಡಿದ. "ವ್ಯಾಪಾರ ಕೋಚ್. ನಿಮಗೂ ಗೊತ್ತು, ನನಗೂ ಗೊತ್ತು." ಬಾಗಿಲು ಮೆಲ್ಲಗೆ ಹಾಕಿಕೊಂಡ. ದಡ್ ಎಂದು ಹಾಕಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಅಕ್ಟೋಬರ್ 23

ಮೊದಲ ಮ್ಯಾಚು. ಹಾಲೊವೇ ನಲವತ್ತೊಂದು ಅಂಕ. ಸೋತೆವು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ಸೋತದ್ದು ಯಾರಿಗೂ ಗೊತ್ತಾಗಲಿಲ್ಲವೇನೋ.

ಆಮೇಲೆ ಪತ್ರಕರ್ತರ ಕೋಣೆಯಲ್ಲಿ ಪತ್ರಿಕೆಯ ಡೋನಾ ಫಸ್ಕೋ ಕೈ ಎತ್ತಿದಳು. ಈ ಊರಿನ ಆಟ ಬರೆಯುತ್ತಲೇ ಮುದುಕಿಯಾದವಳು. "ಲೆನ್, ಇಷ್ಟು ದುಡ್ಡು ಸುರಿದಿದ್ದೀರಲ್ಲ, ನಿಮ್ಮ ತಂಡಕ್ಕೆ ಬೇಕಾಗಿದ್ದು ಇದೇನಾ?"

"ಹೊಂದಿಕೊಳ್ಳೋಕೆ ಸಮಯ ಬೇಕು" ಅಂದೆ. ನಾನು ಅಂಥ ಸುಳ್ಳು ಹೇಳುವಾಗ ಟೈ ಸರಿ ಮಾಡಿಕೊಳ್ಳುತ್ತೇನಂತೆ. ರೀಟಾ ಹೇಳಿದಳು.

ನವೆಂಬರ್ 19. ವಿಮಾನದಲ್ಲಿ

ಸೋಲು. ಸೋಲು. ಒಂದು ಗೆಲುವು. ಸೋಲು.

ಟೇಪಿನ ಸದ್ದು ಜೋರು ಮಾಡಿ ಕೇಳಿದೆ. ಶೂಗಳ ಕೀಚು ಕೀಚು. ಬೇರೆ ಏನೂ ಇಲ್ಲ. ಐವರು ಆಡುತ್ತಿದ್ದಾರೆ, ಒಬ್ಬನಿಗೂ ಬಾಯಿಲ್ಲ. ಸೋಲಿಸ್ ಸ್ಕ್ರೀನಿಗೆ ಡಿಕ್ಕಿ ಹೊಡೆದು ಬೀಳುತ್ತಾನೆ, ಎದ್ದು ಹಿಂದೆ ತಿರುಗಿ ನೋಡುತ್ತಾನೆ. ಎಡ ಭುಜಕ್ಕೆ ಬ್ಯಾಂಡೇಜು. ನಾನು ಬೆಂಚಿನಿಂದ ಕೂಗಿ ಗಂಟಲು ಕೆಡಿಸಿಕೊಂಡಿದ್ದೇನೆ. ಕೋಚಿನ ಕೂಗು ಒಂದು ಕ್ಷಣ ತಡವಾಗಿಯೇ ತಲುಪುತ್ತದೆ, ಅದು ಯಾವತ್ತೂ ಹಾಗೆಯೇ.

ಡಿಸೆಂಬರ್ 14

ಹಿಮ. ಸೊಂಟದವರೆಗೆ. ರೀಟಾ ಪಿರೋಗಿ ಮಾಡಿ ಒಂದು ಡಬ್ಬಿ ಅಲ್ಫೋನ್ಸ್ ಮನೆಗೆ ಕೊಟ್ಟು ಬಾ ಅಂದಳು.

"ನೀನೇ ಕೊಟ್ಟು ಬಾ."

"ಯಾಕೆ, ಅವನು ಕಚ್ತಾನಾ? ಮಾತು ಕೊಟ್ಟವನು ನೀನು, ಆಲೂಗಡ್ಡೆ ಕಡುಬು ಹೊತ್ಕೊಂಡು ನಾನು ಹೋಗ್ಬೇಕಾ?"

ಹೋದೆ. ಮನೆ ಮುಂದೆ ಹಿಮ ತೆಗೆಯುತ್ತಿದ್ದ. ತನ್ನದು ಮುಗಿಸಿ ಪಕ್ಕದ ಮನೆಯವರದ್ದೂ ತೆಗೆಯುತ್ತಿದ್ದ. ಬೆಳಿಗ್ಗೆ ಶಾಲೆಯ ಜಿಮ್ಮಿಗೆ ಹೋಗಿ ಓಡುತ್ತಾನಂತೆ. ಯಾರಾದರೂ ಕರೆದರೆ ಮೈ ಸಿದ್ಧ ಇರಬೇಕಲ್ಲ ಅಂದ. ನಾವು ಆಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೊರಡುವಾಗ ಅವನೇ ಅಂದ: "ಸೋಲಿಸ್ ಬಲಗಾಲ ಮೇಲೆ ಭಾರ ಹಾಕ್ತಿದ್ದಾನೆ. ಹೆದರಿದ್ದಾನೆ ಅವನು." ಟಿವಿಯಲ್ಲಿ ನೋಡುತ್ತಾನೆ. ಪ್ರತಿ ಮ್ಯಾಚೂ.

ನನಗೆ ಬಹಳ ನಾಚಿಕೆಯಾಯಿತು.

ಜನವರಿ 17. ಹೋಟೆಲು, ಬೆಳಿಗ್ಗೆ

ತಿಂಡಿಗೆ ಕೂತಿದ್ದೆ. ಹಾಲೊವೇ ತಟ್ಟೆ ಹಿಡಿದು ಬಂದು ಎದುರು ಕೂತ. ಹುಡುಗ ಕೆಟ್ಟವನಲ್ಲ. ಬೇಗ ಬರುತ್ತಾನೆ, ತಡವಾಗಿ ಹೋಗುತ್ತಾನೆ, ಸೋತ ದಿನ ಊಟ ಬಿಡುತ್ತಾನೆ.

"ಕೋಚ್, ತುಂಬ ದಿನದಿಂದ ಕೇಳ್ಬೇಕಂತಿದ್ದೆ, ಒಂದು ಕೇಳ್ಲಾ? ಆ ದೊಡ್ಡ ಬಾಯಿ ಎಲ್ಲಿ ಹೋಯ್ತು?"

"ಯಾರು?"

"ಬ್ಯಾಟಿಸ್ಟ್. ನಿಮ್ಮ ವಿರುದ್ಧ ಆಡೋವಾಗ ನಂಗೆ ಅವನನ್ನ ಕಂಡ್ರೆ ಮೈ ಉರೀತಿತ್ತು. ನಾನು ಏನು ಮಾಡ್ತೀನಿ ಅಂತ ನನಗಿಂತ ಮೊದ್ಲೇ ಕೂಗಿ ಹೇಳ್ತಿದ್ದ. ಈ ಊರಿಗೆ ಬಂದ್ರೆ ಆ ಬಾಯಿ ನನ್ನ ಬೆನ್ನ ಹಿಂದೆ ಇರುತ್ತೆ ಅಂತ ಬಂದೆ. ಬಂದು ನೋಡಿದ್ರೆ ಇಲ್ಲ. ರಿಟೈರ್ ಆದ್ನಾ?"

ಮೊಟ್ಟೆಯ ತಟ್ಟೆ ಪಕ್ಕಕ್ಕೆ ಸರಿಸಿದೆ. ಹೇಳಿದೆ — ಎಲ್ಲವನ್ನೂ. ಪಿಂಕ್ನಿಯ ಕುರ್ಚಿಯವರೆಗೆ.

"ಪಿಂಕ್ನೀನ ನಾನು ಕೇಳಿದ್ನಾ? ನೀವೇ ಕರೆಸಿದ್ರಿ ಅಂದ್ಕೊಂಡಿದ್ದೆ! ಅವರಮ್ಮ ನಮ್ಮಮ್ಮಂಗೆ ಫೋನ್ ಮಾಡಿ ಅತ್ರಂತೆ ಖುಷೀಲಿ. ನಂಗೇ ಆಶ್ಚರ್ಯ ಆಗಿತ್ತು, ಬಫಲೋದವರು ಎಷ್ಟು ಒಳ್ಳೆಯವರಪ್ಪ ಅಂತ."

ಯಾರೂ ಕೇಳಲಿಲ್ಲ. ಇಡೀ ಊರನ್ನು ಅವನ ಕಾಲಡಿಗೆ ಹಾಸಿದೆವು, ಒಂದು ಪ್ರಶ್ನೆ ಕೇಳಲಿಲ್ಲ.

ಜನವರಿ 20

ಪ್ರೆಸ್ಕಾಟ್ ಎದುರು ಕೂತು ಹೇಳಿದೆ. ಅಲ್ಫೋನ್ಸನನ್ನು ಕರೆಯೋಣ. ಹಾಲೊವೇಯದೇ ಇಷ್ಟ.

"ಹಾಗೆ ಬಾಯಲ್ಲಿ ಹೇಳ್ತಾರೆ ಕೋಚ್. ನಾಳೆ ಪಿಂಕ್ನೀನ ಕಳಿಸಿದ್ರೆ ಮುಖ ಊದಿಸ್ಕೊಳ್ತಾರೆ."

"ನನ್ನ ಹತ್ರ ಅವನೇ ಹೇಳಿದ್ದಾನೆ ಕಣಯ್ಯ."

"ಬ್ಯಾಟಿಸ್ಟ್‌ನ ವಾಪಸ್ ತಂದ್ರೆ ಏನರ್ಥ? ಜುಲೈಲಿ ತಪ್ಪು ಮಾಡಿದ್ವಿ ಅಂತ. ಅದನ್ನ ಗ್ರೂವರ್‌ಗೆ ಹೇಳೋರು ಯಾರು, ನೀವಾ?"

ನಾನೇ ಹೇಳುತ್ತೇನೆ ಅಂದೆ. ಗ್ರೂವರ್ ಫ್ಲೋರಿಡಾದಲ್ಲಿದ್ದಾನೆ. ವಾರಗಟ್ಟಲೆ ಇರುತ್ತಾನೆ. ನನ್ನ ಕರಾರು ಏಪ್ರಿಲಿಗೆ ಮುಗಿಯುತ್ತದೆ. ಫೋನ್ ಎತ್ತಿ ಮತ್ತೆ ಇಟ್ಟೆ. ಸುಸ್ತು.

ಮಾರ್ಚ್ 22

ಟ್ಯಾಂಪಾದವರು ಅಲ್ಫೋನ್ಸನನ್ನು ಕರೆದರು! ಹತ್ತು ದಿನದ ಕರಾರು. ಅವರ ಇಬ್ಬರು ಗಾಯಗೊಂಡಿದ್ದಾರೆ. ಮುಂದಿನ ಸುತ್ತಿಗೆ ಹೋಗಲು ಕೊನೆಯದಾದ ಹತ್ತನೆಯ ಸ್ಥಾನಕ್ಕೆ ನಾವೂ ಅವರೂ ಕಚ್ಚಾಡುತ್ತಿದ್ದೇವೆ, ಅದು ಬೇರೆ ಮಾತು. ಫೋನ್ ಮಾಡಿದೆ. "ಕೋಚ್, ವಿಮಾನ ನಿಲ್ದಾಣದಲ್ಲಿದ್ದೀನಿ. ಮಕ್ಕಳು ಮನೆ ಬಾಗಿಲಿಗೆ ಬಲೂನ್ ಕಟ್ಟಿದ್ರು" ಅಂದ. ದನಿಯಲ್ಲಿ ಹದಿನೆಂಟು ವರ್ಷದ ಹುಡುಗ.

ಸಂತೋಷ. ಹೊಟ್ಟೆಯೂ ಉರಿಯಿತು, ಸುಳ್ಳು ಯಾಕೆ.

ಏಪ್ರಿಲ್ 1, ಬುಧವಾರ. ಬೆಳಿಗ್ಗೆ

ನಿನ್ನೆ ಟ್ಯಾಂಪಾ ಇಲ್ಲಿಗೆ ಬಂದಿತ್ತು. ಅಲ್ಫೋನ್ಸನ ಹತ್ತನೆಯ ದಿನ.

ಕೊನೆಯ ಕ್ಷಣ. ನಾವು ಒಂದು ಅಂಕ ಮುಂದೆ, ಬಾಲ್ ಅವರದು. ಸ್ಕ್ರೀನ್ ಹಾಕಲು ಅಲ್ಫೋನ್ಸನನ್ನು ಇಳಿಸಿದರು. ನಮ್ಮ ಬೆಂಚಿನ ಮುಂದೆಯೇ. ಸೋಲಿಸ್ ಬಾಲ್ ಹಿಡಿದ ಅವರ ಹುಡುಗನನ್ನು ತಡೆಯುತ್ತಿದ್ದಾನೆ, ಬೆನ್ನು ಅಲ್ಫೋನ್ಸ್ ಕಡೆಗೆ. ಅಲ್ಫೋನ್ಸ್ ಬಂದ. ಕಾಲು ಊರಿದ. ಊರಿದವನ ಬಾಯಿಂದಲೇ —

"ಎಡಗಡೆ, ಎಡಗಡೆ! ಮೇಲಿಂದ ಹೋಗು!"

ತಾನೇ ಹಾಕಿದ ಗೋಡೆಯನ್ನು ತಾನೇ ಕೂಗಿ ಹೇಳಿದ. ಅದೇ ಅಂಗಳ, ಅದೇ ಬುಟ್ಟಿ, ಮುಂದೆ ಅದೇ ಹುಡುಗನ ಬೆನ್ನು. ನಾಲ್ಕು ವರ್ಷದ ಬಾಯಿ, ಅದಕ್ಕೆ ಜೆರ್ಸಿ ಬದಲಾದದ್ದು ಗೊತ್ತಾಗಲಿಲ್ಲ. ಸೋಲಿಸ್ ಯೋಚಿಸಲೂ ಇಲ್ಲ. ಮೇಲಿಂದ ಜಾರಿ ಕೈ ಚಾಚಿದ, ಬಾಲ್ ಕಿತ್ತುಕೊಂಡು ಬಂತು. ಹಾಲೊವೇ ಎತ್ತಿಕೊಂಡು ಓಡಿ ಬುಟ್ಟಿಗೆ ಬಡಿದ. ಮುಗಿಯಿತು. ಹತ್ತೊಂಬತ್ತು ಸಾವಿರ ಜನರ ಗದ್ದಲ.

ಆ ಗದ್ದಲದ ನಡುವೆ ಅಲ್ಫೋನ್ಸ್ ಬಾಯಿ ಮುಚ್ಚಿಕೊಂಡು ನಿಂತಿದ್ದ. ಕೈಯಿಂದ, ಎರಡೂ ಕೈಯಿಂದ.

ಅದೇ ದಿನ, ಮಧ್ಯಾಹ್ನ

ಪತ್ರಿಕೆಯ ತುಂಬ ಹಾಲೊವೇ ಹಾರಿದ ಚಿತ್ರ. ಕೊಟ್ಟ ದುಡ್ಡಿಗೆ ಬೆಲೆ ಬಂತು, ಇದೇ ಬೇಕಾಗಿದ್ದು, ಇತ್ಯಾದಿ. ಸೋಲಿಸ್ ಅಪ್ಪಟ ಬುದ್ಧಿವಂತನಂತೆ.

ಅಲ್ಫೋನ್ಸ್ ಫೋನ್. ಅವರ ತಂಡದ ವಿಮಾನ ಹತ್ತಿಲ್ಲ, ಕರಾರು ಮುಗಿಯಿತು, ಇಲ್ಲೇ ಮನೆಯಲ್ಲಿದ್ದಾನೆ.

"ಯಾರಿಗಾದ್ರೂ ಕೇಳಿಸ್ತಾ ಕೋಚ್?"

"ಇಲ್ಲ. ಸೋಲಿಸ್‌ಗೆ, ಹಾಲೊವೇಗೆ ಮಾತ್ರ. ಇಬ್ರೂ ಬಾಯಿ ಬಿಡಲ್ಲ."

"ನಿಮಗೆ?"

"ನಾನು ಕಿವುಡ."

ನಗಲಿಲ್ಲ. "ಟ್ಯಾಂಪಾ ಹುಡುಗರು ನನ್ನನ್ನ ನಂಬಿ ಇಳಿಸಿದ್ರು ಕೋಚ್" ಅಂದ. ಎರಡು ಸಲ ಅದನ್ನೇ ಅಂದ.

ಏಪ್ರಿಲ್ 4

ಟ್ಯಾಂಪಾದವರ ಗಾಯಾಳುಗಳು ವಾಪಸ್. ಅಲ್ಫೋನ್ಸನನ್ನು ಮತ್ತೆ ಕರೆಯಲಿಲ್ಲ. ನಮ್ಮ ಗೆಲುವಿನ ನಶೆ ಎರಡು ದಿನಕ್ಕೆ ಇಳಿಯಿತು, ನಿನ್ನೆ ಮತ್ತೆ ಸೋತೆವು.

ಹಾಲೊವೇ ಯಾರಿಗೂ ಹೇಳದೆ ಗ್ರೂವರ್ ಮನೆಗೆ ಹೋಗಿದ್ದಾನೆ. ಏನು ಹೇಳಿದನೋ. ಪಿಂಕ್ನಿಯೂ ಜೊತೆಗೆ ಹೋಗಿ, ತನ್ನನ್ನು ಬಿಟ್ಟುಬಿಡಿ, ಬೆಂಚಿನ ಮೇಲೆ ಕೂತು ಕೂತು ಬೆನ್ನು ನೋವು ಬಂದಿದೆ ಅಂದನಂತೆ. ಪಾಪ. ಪ್ರೆಸ್ಕಾಟ್ ಫೋನ್ ಮಾಡಿದ, ದನಿ ಸಣ್ಣದಾಗಿತ್ತು: "ಬ್ಯಾಟಿಸ್ಟ್‌ನ ಕರ್ಕೊಂಡು ಬನ್ನಿ ಕೋಚ್. ಮುಂದಿನ ವರ್ಷಕ್ಕೂ ಸೇರಿಸಿ."

ಮುಂದಿನ ವರ್ಷಕ್ಕೂ! ಕೊಟ್ಟ ಮಾತು ಉಳಿಯುತ್ತದೆ. ರೀಟಾಳನ್ನು ಎತ್ತಲು ಹೋಗಿ ಸೊಂಟ ಹಿಡಿಯಿತು.

ಏಪ್ರಿಲ್ 6. ಈಸ್ಟರ್ ಮರುದಿನ

ನಮ್ಮ ಪೋಲಿಷ್ ಬೀದಿಗಳಲ್ಲಿ ಹಬ್ಬದ ನೀರೆರಚಾಟ. ಕಿಟಕಿಯಿಂದ ರೀಟಾಳ ತಂಗಿ ಒಂದು ಬಕೆಟ್ ಸುರಿದಳು. ತೊಪ್ಪೆಯಾಗಿಯೇ ಅಲ್ಫೋನ್ಸ್ ಮನೆಗೆ ಹೋದೆ. ಒಣ ಟವೆಲ್ ಕೊಟ್ಟ. ಕರಾರಿನ ಕಾಗದ ಮೇಜಿನ ಮೇಲಿಟ್ಟೆ. ಓದಿದ. ಬಹಳ ಹೊತ್ತು ಓದಿದ. ಆಮೇಲೆ ನನ್ನ ಕಡೆಗೆ ಸರಿಸಿದ.

"ಆಗಲ್ಲ ಕೋಚ್."

"ಯಾಕೆ? ಜುಲೈದು ಮನಸ್ಸಲ್ಲಿದ್ಯಾ?"

"ಅದನ್ನ ಅವತ್ತೇ ಬಿಟ್ಟೆ. ಬುಟ್ಟಿ ಕೆಳಗೆ ಮೈಕ್ ಇರುತ್ತೆ. ನನ್ನ ಕೂಗು ಟೇಪಲ್ಲಿ ಎಲ್ಲೋ ಇದೆ. ಇವತ್ತಲ್ಲ ನಾಳೆ ಒಬ್ಬ ಕೇಳ್ತಾನೆ. ಟ್ಯಾಂಪಾ ಬಟ್ಟೆ ಹಾಕ್ಕೊಂಡು ಬಫಲೋಗೆ ಕೂಗಿದ. ವಾರದಲ್ಲಿ ಬಫಲೋದವರು ಕರಾರು ಕೊಟ್ರು. ಏನಂತಾರೆ?"

ನಾನು ಟವೆಲ್ ಮಡಿಸತೊಡಗಿದೆ.

"ಮಾರ್ಕೊಂಡ ಅಂತಾರೆ. ಹದಿನಾಲ್ಕು ವರ್ಷ ಆಡಿದೀನಿ. ಯಾರೂ ಕರೀದಿದ್ದಾಗ ಆ ಹುಡುಗರು ಕರೆದ್ರು, ಅವರ ಮ್ಯಾಚನ್ನ ನಾನೇ ಕೊಟ್ಟೆ. ಅದರ ಮೇಲೆ ಇದಕ್ಕೆ ಸಹಿ ಹಾಕಿದ್ರೆ ನನ್ನ ಮಕ್ಕಳ ಎದುರೂ ನಿಲ್ಲಕ್ಕಾಗಲ್ಲ. ಸೀಸನ್ ಮುಗಿದ ಮೇಲೆ ಮುಂದಿನ ಸುತ್ತಲ್ಲಿ ನಿಮಗೂ ಅವರಿಗೂ ಮತ್ತೆ ಮ್ಯಾಚ್ ಬಿದ್ರೆ?"

ಬೇಕು ಅಂದದ್ದು ಒಂಬತ್ತು ತಿಂಗಳ ಮೇಲೆ ಕೈಗೆ ಬಂದಿತ್ತು. ಆ ಕೂಗಿನಿಂದ ಅವನು ನಮಗೆ ಮಾಡಿದ ಉಪಕಾರವೇ ಅವನ ದಾರಿಗೆ ಅಡ್ಡ ನಿಂತಿದೆ. ಟವೆಲ್ ಹಿಂದಿರುಗಿಸಿ ಬಂದೆ.

ಏಪ್ರಿಲ್ 13

ಸೀಸನ್ ಮುಗಿಯಿತು. ನಾವು ಹತ್ತನೆಯವರು, ಟ್ಯಾಂಪಾ ಒಂಬತ್ತು. ಬುಧವಾರ ಅವರೂ ನಾವೂ. ಸೋತವರು ಮನೆಗೆ.

ಪತ್ರಕರ್ತರ ಕೋಣೆ. ನಾನು, ಪಕ್ಕದಲ್ಲಿ ಹಾಲೊವೇ. ಡೋನಾ ಫಸ್ಕೋ ಎದ್ದಳು. ಕೈಯಲ್ಲಿ ಫೋನು.

"ಲೆನ್, ಟ್ಯಾಂಪಾ ಮ್ಯಾಚಿನ ಕೊನೆ ಆಟ ಮತ್ತೆ ಕೇಳಿದೆ. ಯಾರೋ 'ಎಡಗಡೆ' ಅಂತ ಕೂಗ್ತಾರೆ. ಗದ್ದಲದಲ್ಲಿ ಗುರುತು ಹತ್ತಲ್ಲ. ಆ ಕೂಗಿಂದಲೇ ಸೋಲಿಸ್ ಬಾಲ್ ಕಿತ್ತಿದ್ದು. ಯಾರದು ಅದು?"

ಅವಳು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಕಿವಿ ಚುರುಕು, ಅಷ್ಟೇ. ಟೈ ಮುಟ್ಟಲಿಲ್ಲ.

"ಹಾಲೊವೇದು" ಅಂದೆ. "ವರ್ಷವಿಡೀ ಅದನ್ನೇ ಕಲಿಸ್ತಿದ್ದೆ. ಇನ್ನು ನೀನು ಕೇಳ್ತಾನೇ ಇದ್ದೀಯಲ್ಲ ಡೋನಾ, ಇಷ್ಟು ದುಡ್ಡಿಗೆ ಬೇಕಾಗಿದ್ದು ಸಿಕ್ತಾ ಅಂತ. ಸಿಕ್ತು. ಬರ್ಕೋ."

ಹಾಲೊವೇ ಕಡೆ ನೋಡಲು ಧೈರ್ಯವಾಗಲಿಲ್ಲ. ಅವನು ಮೈಕ್ ಹತ್ತಿರ ಎಳೆದುಕೊಂಡ. "ಹೌದು ಮೇಡಂ. ನಾನೇ. ಗಂಟಲು ಇನ್ನೂ ನೋಯ್ತಿದೆ." ಎಲ್ಲರೂ ನಕ್ಕರು. ಡೋನಾ ಬರೆದುಕೊಂಡಳು.

ಹೊರಗೆ ಓಣಿಯಲ್ಲಿ ಅವನು ನನ್ನ ತೋಳು ಹಿಡಿದ. ಮುಖದಲ್ಲಿ ನಗು ಇರಲಿಲ್ಲ.

"ಕೋಚ್, ಈಗ ಬುಧವಾರ ನಾನು ಕೂಗಲೇಬೇಕಲ್ಲ. ಕೂಗದಿದ್ರೆ ಅವಳಿಗೆ ಗೊತ್ತಾಗುತ್ತೆ. ನಂಗೆ ಹುಟ್ಟಿದಾಗಿಂದ ಆಟದಲ್ಲಿ ಬಾಯೇ ಬರಲ್ಲ. ಎಲ್ಲಿ ನೋಡ್ಬೇಕು, ಯಾವಾಗ ಕೂಗ್ಬೇಕು... ಯಾರು ಹೇಳಿಕೊಡ್ತಾರೆ?"

"ಕಾರು ಹತ್ತು" ಅಂದೆ.

ಈಗ ಕಾರಿನಲ್ಲೇ ಬರೆಯುತ್ತಿದ್ದೇನೆ. ನಮ್ಮ ಬೀದಿಯಿಂದ ಎರಡು ಬೀದಿ ಆಚೆ. ಹಾಲೊವೇ ಮೆಟ್ಟಿಲ ಮೇಲೆ ನಿಂತಿದ್ದಾನೆ, ಟೋಪಿ ಕೈಯಲ್ಲಿ. ಟ್ಯಾಂಪಾ ವಿರುದ್ಧದ ಆಟಕ್ಕೆ ಕಲಿಸು ಅಂತ ಅಲ್ಫೋನ್ಸನನ್ನು ಕೇಳುವ ಹಕ್ಕು ನನಗಿಲ್ಲ, ಗೊತ್ತು. ಇವನಿಗೂ ಹೇಳಿದ್ದೇನೆ. ಆದರೂ ಕೇಳ್ತೀನಿ ಅಂದ, ಯಾರೂ ಕೇಳದೆ ತಾನೇ ಇಷ್ಟೆಲ್ಲ ಆಗಿದ್ದು ಅಂದ. ಗಂಟೆ ಒತ್ತಿದ. ಒಳಗೆ ದೀಪ ಹತ್ತಿತು. ಅಲ್ಫೋನ್ಸ್ ಬಾಗಿಲು ತೆಗೆದ. ನನ್ನ ಕಾರಿನ ಕಡೆ ಒಮ್ಮೆ ನೋಡಿದ. ಹಾಲೊವೇ ಏನೋ ಹೇಳುತ್ತಿದ್ದಾನೆ. ಅಲ್ಫೋನ್ಸ್ ತಲೆ ಅಲ್ಲಾಡಿಸುತ್ತಿದ್ದಾನೆ, ಆಗಲ್ಲ ಅಂತಲೋ, ಹೌದು ಅಂತಲೋ, ಇಲ್ಲಿಂದ ಗೊತ್ತಾಗುತ್ತಿಲ್ಲ. ಬಾಗಿಲು ಮಾತ್ರ ತೆರೆದೇ ಇದೆ.